ನೀರು ಕುಡಿಯುವ ಮೋಡ

ಮಲೆನಾಡಿಗೆ ಮೋಡವೆಂದರೆ ಮಳೆ. ಕಂಪ್ಯೂಟರ್ ಕಂಪನಿಗಳು ‘ಕ್ಲೌಡ್’ ಎಂದು ಕರೆಯುವ ಮೋಡವಾದರೋ ಮಳೆ ಸುರಿಸುವುದಿಲ್ಲ. ನೀರನ್ನೂ ವಿದ್ಯುತ್ತನ್ನೂ ಕುಡಿಯುತ್ತದೆ. ಅದಿರುವುದು ಆಕಾಶದಲ್ಲಲ್ಲ, ನೆಲದ ಮೇಲಿನ ಡೇಟಾ ಕೇಂದ್ರಗಳಲ್ಲಿ. ಹಗಲಿರುಳು ದುಡಿದು ಬಿಸಿಯೇರುವ ಯಂತ್ರಗಳನ್ನು ತಣಿಸಲು ಅನೇಕ ಕಡೆ ನೀರನ್ನು ಆವಿಯಾಗಿಸಲಾಗುತ್ತದೆ.

2030ರ ವೇಳೆಗೆ ತಾನು ಹೊರಬಿಡುವುದಕ್ಕಿಂತ ಹೆಚ್ಚು ಇಂಗಾಲವನ್ನು ವಾತಾವರಣದಿಂದ ಹಿಂತೆಗೆಯುವುದಾಗಿ ಮೈಕ್ರೋಸಾಫ್ಟ್ 2020ರ ಜನವರಿಯಲ್ಲಿ ಘೋಷಿಸಿತು. ಆಮೇಲೆ ಕೃತಕ ಬುದ್ಧಿಮತ್ತೆಯ ಪೈಪೋಟಿ ಬಂತು. 2024ರಲ್ಲಿ ಸಂಸ್ಥೆಯೇ ಕೊಟ್ಟ ಲೆಕ್ಕದಂತೆ ಅದರ ಇಂಗಾಲ 2020ಕ್ಕಿಂತ ಶೇ. 29ರಷ್ಟು ಏರಿತ್ತು, ಹೊಸ ಕೇಂದ್ರಗಳ ಸಿಮೆಂಟು, ಉಕ್ಕು, ಚಿಪ್‌ಗಳೇ ಇದಕ್ಕೆ ಬಹುಪಾಲು ಕಾರಣ. ಗೂಗಲ್‌ನದು 2019ರಿಂದ 2023ಕ್ಕೆ ಶೇ. 48ರಷ್ಟು ಹೆಚ್ಚಿತು. ಇದೆಲ್ಲ ಕಾಲದ ಅನಿವಾರ್ಯತೆಯಂತೆ! ತಂತ್ರಜ್ಞಾನ ಮುಂಗಾರಿನಂತೆ ತಾನಾಗಿ ಬರುವುದಿಲ್ಲ. ಅದನ್ನು ಎಷ್ಟು, ಎಷ್ಟು ಬೇಗ ಕಟ್ಟಬೇಕೆಂದು ನಿರ್ಧರಿಸುವವರು ಆಡಳಿತ ಮಂಡಳಿಯಲ್ಲಿ ಕುಳಿತ ಕೆಲವೇ ಮಂದಿ. ಅಮೆರಿಕದ ತ್ರೀ ಮೈಲ್ ಐಲೆಂಡ್‌ನಲ್ಲಿ 1979ರಲ್ಲಿ ಅಣು ಅಪಘಾತವಾಯಿತು. ಅಲ್ಲಿಯ ಇನ್ನೊಂದು ಘಟಕ 2019ರಲ್ಲಿ ಮುಚ್ಚಿತ್ತು. ಅದನ್ನು ಮತ್ತೆ ನಡೆಸಿ 20 ವರ್ಷ ವಿದ್ಯುತ್ ಪಡೆಯುವ ಒಪ್ಪಂದಕ್ಕೆ 2024ರಲ್ಲಿ ಇದೇ ಮೈಕ್ರೋಸಾಫ್ಟ್ ಸಹಿ ಹಾಕಿತು.

ಕರ್ನಾಟಕ ಸರ್ಕಾರವೂ 2022ರಲ್ಲಿ ಡೇಟಾ ಕೇಂದ್ರಗಳಿಗೆ ರಿಯಾಯಿತಿ ನೀಡುವ ನೀತಿ ಹೊರಡಿಸಿತು. ನಾಡಿಗೆ ಬೆಳಕು ಕೊಡಲೆಂದು 1960ರ ದಶಕದಲ್ಲಿ ಲಿಂಗನಮಕ್ಕಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟವರ ಹಕ್ಕುಪತ್ರದ ಗೋಳು ಅರ್ಧ ಶತಮಾನ ದಾಟಿಯೂ ತೀರಿಲ್ಲ. ಆದ್ದರಿಂದ ಯಾವ ಕೇಂದ್ರಕ್ಕೆ ಎಷ್ಟು ವಿದ್ಯುತ್, ಎಷ್ಟು ನೀರು, ಯಾವ ನದಿಯಿಂದ ಎಂಬ ಲೆಕ್ಕ ಅನುಮತಿಗೆ ಮೊದಲೇ ಆ ನದಿಕಣಿವೆಯ ಗ್ರಾಮಸಭೆಗಳ ಮುಂದೆ ಬರಬೇಕು.