ಹೆಪ್ಪು ಹಿಡಿಯದ ಸಮುದ್ರ

ಹೋದ ದೀಪಾವಳಿಯ ಸಂಚಿಕೆಯಲ್ಲಿ ನಮ್ಮ ಮನೆಗೆ ಸಮುದ್ರ ಬಂದ ಸಂಗತಿಯನ್ನು ಬಹಳ ಜಂಬದಿಂದ ಬರೆದಿದ್ದೆವು. ಆಮೇಲಿನ ಎರಡು ಸಂಚಿಕೆಗಳಲ್ಲಿ ಆ ಮಾತನ್ನೇ ಎತ್ತಲಿಲ್ಲ. ಸಂಘದ ಸಮಾರಂಭಗಳಲ್ಲಿ ಸಿಕ್ಕ ವಾಚಕರು "ಏನ್ರೀ, ನಿಮ್ಮ ಸಮುದ್ರ ಹೇಗಿದೆ?" ಎಂದು ಕೇಳಿದಾಗಲೆಲ್ಲ ಮಾತು ಹಾರಿಸಿ ಉಪ್ಪಿಟ್ಟಿನ ತಟ್ಟೆಯ ಕಡೆಗೆ ಸರಿದಿದ್ದೇವೆ. ಇನ್ನು ಮುಚ್ಚಿಟ್ಟು ಫಲವಿಲ್ಲ. ಆ ಸಂಚಿಕೆ ಅಚ್ಚಾಗಿ ನಿಮ್ಮ ಕೈ ಸೇರುವ ಹೊತ್ತಿಗೆ ನಮ್ಮ ಸಮುದ್ರದಲ್ಲಿ ಒಂದು ಜೀವವೂ ಉಳಿದಿರಲಿಲ್ಲ.

ಹೊಸ ವಾಚಕರಿಗಾಗಿ ಹಿಂದಿನ ಕಥೆ ಎರಡೇ ಮಾತಿನಲ್ಲಿ. ನಾಗಪುರಕ್ಕೆ ವರ್ಗವಾದ ಕಚೇರಿಯ ಮಿತ್ರರೊಬ್ಬರು, ವರ್ಷದಿಂದ ಖಾಲಿ ಬಿದ್ದಿದ್ದ ತಮ್ಮ 200 ಲೀಟರಿನ ಗಾಜಿನ ತೊಟ್ಟಿಯನ್ನೂ ಅದರ ದೀಪ, ಪಂಪುಗಳನ್ನೂ ನಮಗೆ ಬಿಟ್ಟುಹೋದರು. ನಾವು ಹುಟ್ಟಿದ್ದು ಹೊನ್ನಾವರದ ಕಡೆ, ಕಡಲಿನ ಸದ್ದಿನಲ್ಲಿ. ಗುಮಾಸ್ತಗಿರಿ ಮಾಡುತ್ತಿರುವುದು ಕಡಲು ಬಿಟ್ಟು ಘಟ್ಟ ಹತ್ತಿ ಬರಬೇಕಾದ ಪುಣೆಯಲ್ಲಿ. ಮೂರನೆಯ ತರಗತಿಯ ಮಗಳಾದರೋ 2003ರಲ್ಲಿ ಬಂದ 'ಫೈಂಡಿಂಗ್ ನೀಮೊ' ಚಿತ್ರವನ್ನು ನೂರು ಸಲ ನೋಡಿದವಳು. ಅವಳಿಗೆ ಕಿತ್ತಳೆ ಬಣ್ಣದ ಆ ಮೀನೂ ಬೇಕು, ಅದು ವಾಸಿಸುವ ಅನಿಮನಿಯೂ ಬೇಕು.

ಅನಿಮನಿಯೆಂದರೆ ಕಡಲಿನ ಹೂವು. ನೋಡುವುದಕ್ಕೆ ಹೂವು, ನಡತೆಯಲ್ಲಿ ಪ್ರಾಣಿ. ಕೆಳಗೆ ಬಂಡೆಗೆ ಅಂಟುವ ಒಂದೇ ಪಾದ, ನಡುವೆ ಬಾಯಿ, ಸುತ್ತಲೂ ಬೆರಳಿನಂಥ ಎಳೆಗಳು. ಎಳೆಗಳ ತುಂಬ ಕಣ್ಣಿಗೆ ಕಾಣದ ವಿಷದ ಮುಳ್ಳು. ಬೇರೆ ಮೀನು ತಾಗಿದರೆ ಊಟವಾಗುತ್ತದೆ. ನೀಮೊ ಜಾತಿಯ ಮೀನು ಮಾತ್ರ ತನ್ನ ಮೈಯ ಲೋಳೆಯ ಕೃಪೆಯಿಂದ ಅದರೊಳಗೇ ಹಾಸಿಗೆ ಹಾಸಿಕೊಳ್ಳುತ್ತದೆ. ನಾವು ಹುಡುಗರಾಗಿದ್ದಾಗ ಇಳಿತದ ಹೊತ್ತಿನಲ್ಲಿ ಬಂಡೆಯ ಗುಂಡಿಗಳಿಗೆ ಬೆರಳು ಹಾಕಿ, ಇಂಥದೇ ಸಣ್ಣವು ಅಂಟಿ ಎಳೆಯುವುದನ್ನು ಕಂಡು ಕೇಕೆ ಹಾಕಿದ್ದುಂಟು. ಆ ಪರಿಚಯದ ಧೈರ್ಯವೇ ನಮ್ಮನ್ನು ಕೆಡಿಸಿತು.

ನೀರು ತುಂಬಿ ಆರು ವಾರವಾಗಿತ್ತು. ಅಂಗಡಿಯವರು ನಮ್ಮ ಸೀಸೆಯ ನೀರಿಗೆ ಹನಿ ಹಾಕಿ, ಬಣ್ಣ ನೋಡಿ, "ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ. ಟ್ಯಾಂಕ್ ತಯ್ಯಾರ್ ಆಹೇ, ಸಾಹೇಬ್" ಎಂದರು. ಸಾಹೇಬರು ಉಬ್ಬಿದರು. ಎರಡು ಮೀನುಗಳ ಜೊತೆಗೆ ಮಲ್ಲಿಗೆಯಷ್ಟು ಬೆಳ್ಳಗಿನ ಅನಿಮನಿಯೊಂದನ್ನು ಆರಿಸಿ ತಂದೆವು. ಬಿಳುಪು ಸೌಂದರ್ಯವೆಂದುಕೊಂಡಿದ್ದೆವು, ಅದು ರೋಗವೆಂದು ಆಮೇಲೆ ತಿಳಿಯಿತು. ಈ ಪ್ರಾಣಿಯ ಮೈಯೊಳಗೆ ಕಂದು ಬಣ್ಣದ ಸೂಕ್ಷ್ಮ ಪಾಚಿ ವಾಸಿಸುತ್ತದೆ. ಅದು ಬೆಳಕಿನಲ್ಲಿ ಅಡುಗೆ ಮಾಡಿ ಮನೆಯೊಡೆಯನಿಗೂ ಬಡಿಸುತ್ತದೆ. ದಾರಿಯ ಕಷ್ಟಕ್ಕೋ ಮಂದ ಬೆಳಕಿಗೋ ಆ ಪಾಚಿ ಹೊರಟುಹೋದಾಗ ಮೈ ಬಿಳುಚುತ್ತದೆ. ನಾವು ತಂದದ್ದು ಅಡುಗೆಯವನಿಲ್ಲದ ಮನೆ.

ಅನಿಮನಿಗೆ ಜಾಗ ಹಿಡಿಸದಿದ್ದರೆ ಒಂಟಿ ಪಾದದಲ್ಲೇ ತೆವಳುತ್ತ ಹೊರಡುತ್ತದೆ. ನಾಲ್ಕನೆಯ ರಾತ್ರಿ ಅದು ತೆವಳುತ್ತ ಹೋಗಿ ಪಂಪಿನ ಬಾಯಿಗೆ ಸಿಕ್ಕಿತು. ಪಂಪಿಗೆ ಜಾಲರಿ ಕಟ್ಟಬೇಕೆಂದು ನಮಗೆ ಹೊಳೆದಿರಲಿಲ್ಲ. ಬೆಳಿಗ್ಗೆ ನೀರು ಗಂಜಿಯಂತಾಗಿತ್ತು. ಕೊಳೆತ ಮೈಯ ವಿಷಕ್ಕೆ ಎರಡು ಮೀನುಗಳೂ ತೇಲುತ್ತಿದ್ದವು. ಮಗಳು ಅಳಲಿಲ್ಲ. ಮೀನುಗಳನ್ನು ತುಳಸಿಯ ಕುಂಡದಲ್ಲಿ ಹುಗಿದು, "ಅಪ್ಪಾ, ಮನೆ ರೆಡಿ ಆಗಿತ್ತು ಅಂದಿದ್ಯಲ್ಲ?" ಎಂದು ಕೇಳಿದಳು. ಅತ್ತಿದ್ದರೆ ಸಮಾಧಾನ ಹೇಳಬಹುದಿತ್ತು.

ಆ ಪ್ರಶ್ನೆಗೆ ಉತ್ತರ ಹುಡುಕುವುದರಲ್ಲಿ ಒಂಬತ್ತು ತಿಂಗಳು ಕಳೆದಿವೆ. ಅಂಗಡಿಯವರ ಸೊನ್ನೆ ಸುಳ್ಳಲ್ಲ. ಮೀನಿನ ಹೊಲಸಿನಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೇಟ್ ಮಾಡುತ್ತದೆ. ಈ ಎರಡು ಪಂಗಡಗಳೂ ಬಂಡೆ, ಮರಳುಗಳಲ್ಲಿ ಬೇರೂರಲು ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಬೇಕು. ಅಷ್ಟಾದರೆ ಗಟ್ಟಿ ಮೀನೊಂದು ಬದುಕೀತು. ಅನಿಮನಿಗೆ ಅದು ಬರೀ ಮುನ್ನುಡಿ. ಬಲ್ಲವರು ಆರು ತಿಂಗಳು, ಸಾಧ್ಯವಾದರೆ ವರ್ಷ ಕಾಯಿರಿ ಎನ್ನುತ್ತಾರೆ. ಇದನ್ನೆಲ್ಲ ನಾವು ಮನೆಯಲ್ಲಿ ಓದಿ ಹೇಳಿದಾಗ ಧಾರವಾಡದವರಾದ ನಮ್ಮಾಕೆ, "ಹಾಲು ಕಾಸಿದ ಕೂಡ್ಲೇ ಮೊಸರ ಆಗೂಹಂಗಿದ್ರ ಹೆಪ್ಪ ಯಾಕ ಬೇಕಿತ್ತರೀ?" ಎಂದರು. ಮದುವೆಯಾಗಿ ಪುಣೆಗೆ ಬರುವಾಗ ಸ್ಟೀಲ್ ಡಬ್ಬಿಯಲ್ಲಿ ತವರಿನ ಹೆಪ್ಪು ತಂದವರು ಅವರು; ಈ ವಿಷಯದಲ್ಲಿ ಅವರ ಅಧಿಕಾರ ದೊಡ್ಡದು. ಅವರ ಮಾತಿನಂತೆಯೇ, ಪರಿಚಯದವರೊಬ್ಬರ ಮೂರು ವರ್ಷದ ಹಳೆಯ ತೊಟ್ಟಿಯಿಂದ ಒಂದು ಮುಷ್ಟಿ ಮರಳನ್ನು ಹೆಪ್ಪೆಂದು ತಂದು ಹಾಕಿದೆವು. ಊರಿಗೆ ಹೋದಾಗ ಹವಳದ ಕಲ್ಲು ತಂದುಬಿಡೋಣವೆಂದು ಯಾರೂ ಹೊರಡಬೇಡಿ. 2001ರಲ್ಲಿ ಹವಳಗಳು ವನ್ಯಜೀವಿ ಕಾಯ್ದೆಯ ಮೊದಲನೆಯ ಪರಿಶಿಷ್ಟಕ್ಕೆ ಸೇರಿದವು. ಹುಲಿ ಇರುವ ಪಟ್ಟಿ ಅದು.

ಸರಕಾರ ಗುಮಾಸ್ತನೊಬ್ಬನನ್ನು ಕಾಯಂ ಮಾಡಲು ಪ್ರೊಬೇಷನ್ ಇಡುತ್ತದೆಯಷ್ಟೆ. ನಾವೂ ತೊಟ್ಟಿಗೆ ಒಂದು ಮಸ್ಟರು ತೆರೆದೆವು. ಪ್ರತಿದಿನ ಉಷ್ಣತೆ, ಉಪ್ಪು, ವಾರಕ್ಕೊಮ್ಮೆ ಉಳಿದದ್ದು. ಮೊದಲು ಮರಳಿನ ಮೇಲೆ ಕಂದು ಪುಡಿ ಹರಡಿತು, ಆಮೇಲೆ ಕೆಂಪು ಲೋಳೆ, ಆಮೇಲೆ ಹಸಿರು ಪಾಚಿ. ನಮ್ಮಾಕೆ ತಿಕ್ಕುವ ಬ್ರಶ್ಶು ಎತ್ತಿಕೊಂಡಿದ್ದರು. ಹೊಸ ತೊಟ್ಟಿ ಹೀಗೆ ಸರದಿಯ ಮೇಲೆ ಕೊಳಕಾಗಿ, ಸಣ್ಣ ಜೀವಿಗಳ ಪಂಕ್ತಿ ಕೂತಮೇಲೆ ತಾನೇ ತಿಳಿಯಾಗುತ್ತದೆಂದು ಹೇಳಿ ತಡೆದೆವು. ತಿಳಿಯಾಗಲು ಮಾರ್ಚಿ ಬಂತು.

ಅಷ್ಟರಲ್ಲಿ ಪುಣೆಯ ಬೇಸಗೆ. ಅನಿಮನಿಗೆ ಬೇಕಾದದ್ದು 25, 26 ಡಿಗ್ರಿಯ ಆಸುಪಾಸು. ಹೊರಗೆ 40 ಇದ್ದಾಗ ಮೇಜಿನ ಫ್ಯಾನನ್ನು ನೀರಿನ ಮೇಲೆ ತಿರುಗಿಸಿದೆವು. ತಂಪೇನೋ ಆಯಿತು, ಆದರೆ ದಿನಕ್ಕೆ ಎರಡು ಮೂರು ಲೀಟರು ಆವಿಯಾಗತೊಡಗಿತು. ಆವಿಯಾಗುವುದು ನೀರು, ಉಪ್ಪು ಅಲ್ಲೇ ಉಳಿಯುತ್ತದೆ. ಕಡಲಿನ ನೀರಿನಲ್ಲಿ ಸಾವಿರಕ್ಕೆ ಸುಮಾರು 35 ಪಾಲು ಉಪ್ಪು. ಅದು ಏರಿಳಿಯದಂತೆ ಕಾಯುವುದೇ ಈ ವಿದ್ಯೆಯ ಅರ್ಧ. ಆದ್ದರಿಂದ ಇಳಿದಷ್ಟಕ್ಕೂ ಆರ್‌ಓ ಯಂತ್ರದಲ್ಲಿ ಸೋಸಿದ ಸಿಹಿನೀರನ್ನೇ ಹೊಯ್ಯಬೇಕು. ಪುಣೆಯಲ್ಲಿ ದುರಸ್ತಿಯ ನೆಪದಿಂದ ನೀರು, ಕರೆಂಟು ಹೋಗುವ ವಾರ ಗುರುವಾರವೆಂದು ನಿಮಗೆ ಗೊತ್ತೇ ಇದೆ. ಮೇ ತಿಂಗಳ ಒಂದು ಗುರುವಾರ ನಾವು ಕಚೇರಿಯಿಂದ ಬರುವಷ್ಟರಲ್ಲಿ ತೊಟ್ಟಿ 31 ಡಿಗ್ರಿ. ಮಸ್ಟರಿನಲ್ಲಿ ಕೆಂಪು ಶಾಯಿಯಿಂದ ಬರೆದು, ಮತ್ತೆ ಮೂರು ತಿಂಗಳು ಪ್ರೊಬೇಷನ್ ಮುಂದುವರಿಸಿದೆವು. ಇನ್‌ವರ್ಟರೂ ಬಂತು. ಹಳೆಯ ದೀಪ ಮಂದವಾಗಿದೆಯೆಂದು ಹೊಸ ದೀಪವೂ ಬಂತು. ಅದರ ಬೆಲೆ ನಮ್ಮಾಕೆಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಈ ಪುಟವನ್ನು ಅವರು ಓದುವುದಿಲ್ಲವೆಂಬ ನಂಬಿಕೆ.

ಒಂದು ಮೃದು ಪ್ರಾಣಿಗಾಗಿ ಇಷ್ಟೆಲ್ಲ ಏಕೆಂದು ಕೇಳುವಿರಿ. ಎಡಿನ್‌ಬರೋದಲ್ಲಿ ಡ್ಯಾಲಿಯೆಲ್ ಎಂಬ ವಿದ್ವಾಂಸರು 1828ರಲ್ಲಿ ಕಡಲಿನಿಂದ ಒಂದು ಅನಿಮನಿಯನ್ನು ತಂದು ಗಾಜಿನ ಪಾತ್ರೆಯಲ್ಲಿ ಸಾಕಿದರು. 1851ರಲ್ಲಿ ಅವರು ತೀರಿಹೋದರು. ಅನಿಮನಿ ಕೈಯಿಂದ ಕೈಗೆ ದಾಟಿ, 'ಗ್ರ್ಯಾನಿ', ಅಂದರೆ ಅಜ್ಜಿಯೆಂದು ಹೆಸರು ಪಡೆದು, 1887ರವರೆಗೆ ಬಾಳಿತು. ಅದು ದಡದ ಬಂಡೆಯ ಗಟ್ಟಿ ಜಾತಿಯೆನ್ನಿ. ಆದರೂ ಒಬ್ಬ ಮನುಷ್ಯನ ಆಯುಸ್ಸಿಗಿಂತ ಆಚೆಗೆ ಹೋಗಬಲ್ಲ ಜೀವವನ್ನು ನಾವು ನಾಲ್ಕು ದಿನದಲ್ಲಿ ಮುಗಿಸಿದೆವು. ನೀಮೊ ಜಾತಿಯ ಮೀನನ್ನಾದರೂ ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯವರು ತೊಟ್ಟಿಯಲ್ಲೇ ಮರಿಮಾಡಿಸಿ ತೋರಿಸಿದ್ದಾರೆ. ಮಾರಾಟಕ್ಕೆ ಬರುವ ಅನಿಮನಿಗಳಲ್ಲಿ ಕಡಲಿನಿಂದಲೇ ಕಿತ್ತು ತಂದವು ಬಹಳ.

ತೊಟ್ಟಿಯಲ್ಲಿ ಹುಟ್ಟಿದ ಅಂಥ ಎರಡು ಮೀನುಗಳನ್ನು ಏಪ್ರಿಲಿನಲ್ಲಿ ತಂದೆವು. ತೊಟ್ಟಿಯಲ್ಲಿ ಅವಕ್ಕೆ ಅನಿಮನಿ ಇರಲೇಬೇಕೆಂದಿಲ್ಲ. ಅಲ್ಲಿ ಬೆನ್ನಟ್ಟುವ ವೈರಿ ಯಾರಿದ್ದಾರೆ? ಮಗಳು ಇಟ್ಟ ಮಣ್ಣಿನ ಕುಡಿಕೆಯನ್ನೇ ಮನೆಯೆಂದುಕೊಂಡು ರಾತ್ರಿ ಅದರ ಬಾಯಲ್ಲಿ ಮಲಗುತ್ತವೆ.

ಹೋದ ಶನಿವಾರಕ್ಕೆ ಮೂರು ತಿಂಗಳ ಮಸ್ಟರಿನಲ್ಲಿ ಒಂದೂ ಕೆಂಪು ಗೆರೆಯಿರಲಿಲ್ಲ. ಪಂಪಿಗೆ ಜಾಲರಿಯೂ ಬಿದ್ದಿತ್ತು. ಅಂಗಡಿಯವರು ಹೊಸ ಅನಿಮನಿ ಬಂದಿದೆಯೆಂದು ಫೋನು ಮಾಡಿದ್ದರು. ಮಧ್ಯಾಹ್ನ ಒಂದಕ್ಕೆ ಬಾಗಿಲು ಹಾಕುವ ಮೊದಲೇ ಮಗಳೊಡನೆ ಓಡಿದೆವು. ಬಣ್ಣ ಕಂದು, ಒಳ್ಳೆಯದೇ. ಎಳೆಗಳು ಬೆರಳಿಗೆ ಅಂಟುತ್ತಿದ್ದವು, ಅದೂ ಒಳ್ಳೆಯದೇ. ಮಗಳು ಗಾಜಿಗೆ ಮೂಗು ಒತ್ತಿ ಬಹಳ ಹೊತ್ತು ನೋಡಿ, "ಅಪ್ಪಾ, ಇದರ ಬಾಯಿ ತೆರೆದೇ ಇದೆ" ಎಂದಳು. ನೋಡಿದೆವು. ಬಾಯಿ ಸಡಿಲವಾಗಿ ತೆರೆದಿತ್ತು, ಪಾದದ ಅಂಚಿನಲ್ಲಿ ಕಿತ್ತ ಗಾಯವೂ ಇತ್ತು. ಅಂಗಡಿಯವರು ಬೆಲೆ ಇಳಿಸಿದರು. ಮಗಳು ಆಗಲೇ ಮೆಟ್ಟಿಲಿಳಿದು ಸ್ಕೂಟರಿನ ಹತ್ತಿರ ನಿಂತಿದ್ದಳು.