ಯಂತ್ರಕಲಿಕೆಯ ವೇದಿಕೆ: ಬಾಡಿಗೆಗೆ ಯಾವುದು, ಸ್ವಂತಕ್ಕೆ ಯಾವುದು?

ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸುವ ಕಾರ್ಯವು ಬಹುಮಟ್ಟಿಗೆ ಅನುಭವಿಗಳ ಕಣ್ಣು ಮತ್ತು ಕೈಗಳನ್ನೇ ಅವಲಂಬಿಸಿದೆ. ಕ್ಯಾಮೆರಾ ಹಾಗೂ ಕಂಪ್ಯೂಟರಿಗೆ ಈ ಕೆಲಸ ಕಲಿಸುವುದು ಇಂದು ಅಸಾಧ್ಯವೇನಲ್ಲ. ಹೊಳಲ್ಕೆರೆ, ಭೀಮಸಮುದ್ರದ ಅಡಿಕೆ ವರ್ತಕರಾಗಲಿ, ಹೊಸದುರ್ಗದ ಕೊಬ್ಬರಿ ವ್ಯಾಪಾರಿಗಳಾಗಲಿ ಇಂಥ ವ್ಯವಸ್ಥೆಗೆ ಹಣ ಹೂಡುವ ಮುನ್ನ ಒಂದು ಪ್ರಶ್ನೆ ಕೇಳುವುದು ಅಗತ್ಯ: ಯಂತ್ರವು ಎಲ್ಲಿ ಕಲಿಯುತ್ತದೆ, ಕಲಿತ ವಿದ್ಯೆ ಯಾರ ಸ್ವತ್ತು?

ಯಂತ್ರಕಲಿಕೆಯ ವೇದಿಕೆಯಲ್ಲಿ ಮುಖ್ಯವಾಗಿ ನಾಲ್ಕು ಅಂಗಗಳಿವೆ. ದರ್ಜೆ ನಮೂದಿಸಿದ ಚಿತ್ರಗಳ ಉಗ್ರಾಣ ಮೊದಲನೆಯದು. ಆ ಚಿತ್ರಗಳಿಂದ ಮಾದರಿಯನ್ನು ರೂಪಿಸುವ ತರಬೇತಿ ಎರಡನೆಯದು. ಯಾವ ಮಾದರಿ ಯಾವಾಗ, ಯಾವ ಚಿತ್ರಗಳಿಂದ ಸಿದ್ಧವಾಯಿತೆಂಬ ದಾಖಲೆ ಮೂರನೆಯದು. ಮಂಡಿಯಲ್ಲಿ ಅದರ ಬಳಕೆ ಮತ್ತು ತಪ್ಪುಗಳ ಮೇಲಿನ ನಿಗಾ ನಾಲ್ಕನೆಯದು.

ಇವೆಲ್ಲವನ್ನೂ ದೂರದ ದತ್ತಾಂಶ ಕೇಂದ್ರದಲ್ಲಿ ಬಾಡಿಗೆಗೆ ಪಡೆಯಬಹುದು. ಬಂಡವಾಳ ಬೇಡ, ಆದರೆ ಬಿಲ್ಲು ನಿರಂತರ, ಇಂಟರ್‌ನೆಟ್ ನಿಂತರೆ ಕೆಲಸವೂ ನಿಂತಂತೆ. ಸ್ವಂತ ಸರ್ವರ್ ಕೊಂಡರೆ ಹಿಡಿತ ಕೈಯಲ್ಲಿರುತ್ತದೆ. ಆದರೆ ದುಬಾರಿ ಯಂತ್ರ, ತಂಪಿನ ವ್ಯವಸ್ಥೆ, ತಂತ್ರಜ್ಞರ ಸಂಬಳ ಎಲ್ಲವೂ ಮಾಲೀಕರ ಹೊಣೆ.

ಸಣ್ಣ ಉದ್ದಿಮೆಗೆ ಒಪ್ಪುವುದು ಮೂರನೆಯ ದಾರಿ. ತರಬೇತಿ ವರ್ಷದಲ್ಲಿ ಕೆಲವು ಬಾರಿ ನಡೆಯುವಂಥದ್ದು, ವಿಂಗಡಣೆ ನಿತ್ಯದ ಕೆಲಸ. ಹಿರಿಯೂರಿನ ಹೆದ್ದಾರಿಯಲ್ಲಿ ಅಪರೂಪಕ್ಕೊಮ್ಮೆ ಸರಕು ಸಾಗಿಸುವವರು ಲಾರಿ ಕೊಳ್ಳುವುದಿಲ್ಲ, ಬಾಡಿಗೆಗೆ ಪಡೆಯುತ್ತಾರೆ. ತಕ್ಕಡಿಯನ್ನು ಮಾತ್ರ ಸ್ವಂತಕ್ಕೆ ಇಟ್ಟುಕೊಳ್ಳುತ್ತಾರೆ. ಹಾಗೆಯೇ ತರಬೇತಿಗೆ ಬಾಡಿಗೆ ಯಂತ್ರವೂ ಬಳಕೆಗೆ ಮಂಡಿಯಲ್ಲೇ ಒಂದು ಸಣ್ಣ ಕಂಪ್ಯೂಟರೂ ಸಾಕು. ಚಿತ್ರ ಗುರುತಿಸುವ ಮಾದರಿಯನ್ನು ಇಂಟರ್‌ನೆಟ್ ಇಲ್ಲದೆಯೂ ನಡೆಯುವಷ್ಟು ಚಿಕ್ಕದಾಗಿ ರೂಪಿಸಬಹುದು. ಎಂಎಲ್‌ಫ್ಲೋ, ಕ್ಯೂಬ್‌ಫ್ಲೋದಂಥ ಮುಕ್ತ ತಂತ್ರಾಂಶಗಳಿಗೆ ಪರವಾನಗಿ ಶುಲ್ಕವಿಲ್ಲ. ಅವುಗಳನ್ನು ಸ್ವಂತ ಯಂತ್ರದಲ್ಲೂ ಬಾಡಿಗೆ ಯಂತ್ರದಲ್ಲೂ ನಡೆಸಬಹುದಾದ್ದರಿಂದ ಒಬ್ಬನೇ ಪೂರೈಕೆದಾರನಿಗೆ ಕಟ್ಟುಬೀಳುವ ಭಯವೂ ಕಡಿಮೆ.

ಆದರೆ ಒಂದೇ ಮಂಡಿಯ ಚಿತ್ರಗಳಿಂದ ಕಲಿತ ಮಾದರಿಯು ಬೇರೆ ತಾಲ್ಲೂಕಿನ ಅಥವಾ ಬೇರೆ ಹಂಗಾಮಿನ ಅಡಿಕೆಯ ಮುಂದೆ ತಡವರಿಸುತ್ತದೆ. ಆದ್ದರಿಂದ ಚಿತ್ರಸಂಗ್ರಹವು ಸಾಮೂಹಿಕವಾಗಿರುವುದು ಲೇಸು. ಪ್ರತಿಸ್ಪರ್ಧಿಗಳೊಡನೆ ಹಂಚಿಕೊಳ್ಳುವುದೆಂತು ಎಂಬ ಆತಂಕ ಸಹಜ. ಅಡಿಕೆಯ ಚಿತ್ರದಲ್ಲಿ ವ್ಯಾಪಾರದ ಗುಟ್ಟಿಲ್ಲ. ಗುಟ್ಟಿರುವುದು ಖರೀದಿ ದರದಲ್ಲಿ ಮತ್ತು ರೈತರ ಪಟ್ಟಿಯಲ್ಲಿ. ಇವೆರಡನ್ನೂ ಸಂಗ್ರಹದಿಂದ ಹೊರಗಿಡಬೇಕು. ರೈತರ ಹೆಸರು, ದೂರವಾಣಿ ಸಂಖ್ಯೆಗಳು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೂ ಬರುತ್ತವೆ.

ಕೇಂದ್ರ ಸಚಿವ ಸಂಪುಟವು 2024ರ ಮಾರ್ಚ್‌ನಲ್ಲಿ ಸುಮಾರು 10,372 ಕೋಟಿ ರೂಪಾಯಿಗಳ ಇಂಡಿಯಾ ಎಐ ಮಿಷನ್‌ಗೆ ಒಪ್ಪಿಗೆ ನೀಡಿತು. ಗಣಕ ಸಾಮರ್ಥ್ಯವನ್ನು ರಿಯಾಯಿತಿ ದರದಲ್ಲಿ ಒದಗಿಸುವುದು ಅದರ ಉದ್ದೇಶಗಳಲ್ಲೊಂದು. ವರ್ತಕರ ಸಂಘಗಳು ಜಿಲ್ಲೆಯ ಇಂಜಿನಿಯರಿಂಗ್ ಕಾಲೇಜಿನೊಡನೆ ಸೇರಿ ಇದನ್ನು ಬಳಸಿಕೊಳ್ಳಲು ಯತ್ನಿಸಬೇಕು.

ವರ್ಷಕ್ಕೆ ಕೆಲವೇ ಚೀಲ ವಿಂಗಡಿಸುವವರಿಗೆ ಇದಾವುದೂ ಬೇಡ. ಉಳಿದವರು ಕರಾರಿನಲ್ಲಿ ಮೂರು ಮಾತು ಬರೆಸಿಕೊಳ್ಳಲಿ: ಚಿತ್ರಗಳೂ ಮಾದರಿಯೂ ಕೊಂಡವರ ಸ್ವತ್ತು; ಇಂಟರ್‌ನೆಟ್ ಇಲ್ಲದಾಗಲೂ ಯಂತ್ರ ನಡೆಯಬೇಕು; ಮರುತರಬೇತಿಯ ವೆಚ್ಚ ಮೊದಲೇ ನಿಗದಿಯಾಗಬೇಕು. ಇವನ್ನು ಒಪ್ಪದ ಪೂರೈಕೆದಾರರಿಗೆ ಮುಂಗಡ ಕೊಡದಿರುವುದೇ ಕ್ಷೇಮ.