ಸೇಂಟ್ ಐವ್ಸ್ ಕೇಳಿದ್ದು ಬೇರೆ

ಕರಾವಳಿಯ ಪುಟ್ಟ ಊರುಗಳು ವಸತಿ ಯೋಜನೆಗಳಿಗೆ ಅಡ್ಡಗಾಲು ಹಾಕುತ್ತವೆ ಎನ್ನಲು ಕಳೆದ ಸಂಚಿಕೆಯ ಲೇಖಕರು ಇಂಗ್ಲೆಂಡಿನ ಸೇಂಟ್ ಐವ್ಸನ್ನು ಎಳೆದು ತಂದದ್ದು ಅನ್ಯಾಯ. ಕಾರ್ನ್‌ವಾಲ್‌ನ ಆ ಊರಿನವರು 2016ರ ಮೇ ತಿಂಗಳ ಜನಮತದಲ್ಲಿ ಮನೆ ಕಟ್ಟಬೇಡಿ ಎನ್ನಲಿಲ್ಲ. ಹೊಸ ಮನೆಯಲ್ಲಿ ಯಾರಾದರೂ ಕಾಯಂ ಬಾಳಬೇಕು ಎಂದರು. ಮತ ಹಾಕಿದವರಲ್ಲಿ ಶೇ. 80ಕ್ಕೂ ಹೆಚ್ಚು ಮಂದಿ ಒಪ್ಪಿದರು. ಈ ನಿಯಮವನ್ನು ಪ್ರಶ್ನಿಸಿದವರಿಗೆ ಅದೇ ವರ್ಷ ಹೈಕೋರ್ಟಿನಲ್ಲಿ ಸೋಲಾಯಿತು. ಬೇಸಿಗೆಯಲ್ಲಷ್ಟೇ ದೀಪ ಹತ್ತುವ ಮನೆಗಳು ಎಷ್ಟು ಎದ್ದರೇನು, ಅಲ್ಲಿನ ಹೋಟೆಲಿನಲ್ಲಿ ದುಡಿಯುವ ಹುಡುಗಿಗೆ ಬಾಡಿಗೆಗೊಂದು ಕೋಣೆ ಸಿಗುತ್ತದೆಯೇ? ಲೇಖಕರು ಇದನ್ನು ಕೇಳಿಯೇ ಇಲ್ಲ. ಹಳೆಯ ಮನೆಗಳಿಗೆ ಈ ನಿಯಮ ತಾಗದು, ನಿಜ; ರಜೆಗೆ ಬರುವ ಸಿರಿವಂತರು ಬೆಸ್ತರ ಕೇರಿಯ ಮನೆಗಳನ್ನೇ ಕೊಳ್ಳಬಲ್ಲರು. ಹಾಗೆಂದು ನಿಯಮ ಕೈಬಿಡಬೇಕೇ? ಹಳೆಯ ಮನೆಗಳ ಮಾರಾಟಕ್ಕೂ ಇದೇ ಷರತ್ತು ಬರಲಿ.